ಒಳಗಂಟು

ನಮ್ಮ ಮನೆಯಲ್ಲಿ ಆಯಿಯ ಚಾಪೆ ಒಂದೇ ಜಾಗದಲ್ಲಿ ಇರುತ್ತಿರಲಿಲ್ಲ. ದಿನವಿಡೀ ಅದು ಬೆಳಕಿನ ಹಿಂದೆ ನಡೆಯುತ್ತಿತ್ತು. ಬೆಟಗೇರಿಯ ನೇಕಾರರ ಓಣಿಯಲ್ಲಿ ಎರಡು ಮನೆಗಳ ನಡುವೆ ಒತ್ತರಿಸಿಕೊಂಡು ನಿಂತ ಮಣ್ಣಿನ ಮಾಳಿಗೆಯ ಮನೆ ಅದು. ಪಕ್ಕದ ಗೋಡೆಗಳು ನೆರೆಯವರದೂ ಆಗಿದ್ದರಿಂದ ಕಿಟಕಿ ಇಡುವ ಮಾತೇ ಇರಲಿಲ್ಲ. ತಲೆಯ ಮೇಲಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಬೆಳಿಗ್ಗೆ ಅದರ ಬೆಳಕು ಅಡಿಗೆಮನೆಯ ಹೊಸ್ತಿಲ ಹತ್ತಿರ ಬೀಳುತ್ತಿತ್ತು, ಮಧ್ಯಾಹ್ನ ಪಡಸಾಲೆಯ ನಡುವಿಗೆ ಬರುತ್ತಿತ್ತು, ಇಳಿಹೊತ್ತಿಗೆ ಅಪ್ಪ ಕಾಲಿಳಿಸಿ ಕೂತು ನೇಯುವ ಮಗ್ಗದ ಕುಣಿಯ ಅಂಚಿಗೆ ಹೋಗಿ ಸಣ್ಣದಾಗುತ್ತಿತ್ತು. ಆಯಿ ಎಂದರೆ ಅಪ್ಪನ ತಾಯಿ. ಮಣಿ ಪೋಣಿಸುವುದು ಅವಳ ಕೆಲಸ. ಬೆಳಕು ಒಂದು ಗೇಣು ಸರಿದರೆ ಅವಳೂ ಒಂದು ಗೇಣು ಸರಿಯುತ್ತಿದ್ದಳು. ಮಣಿಯ ತಾಟು, ದಾರದ ಉಂಡೆ, ಜೇನುಮೇಣದ ತುಂಡು, ತಂಬಾಕಿನ ಡಬ್ಬಿ ಎಲ್ಲವೂ ಅವಳ ಹಿಂದೆ. ಅವ್ವ ಒಳಗೆ ರೊಟ್ಟಿ ಬಡಿಯುವ ಹೊತ್ತಿಗೆ ಆಯಿ ಹೊಸ್ತಿಲಿಗೆ ಅಡ್ಡ ಕುಳಿತಿರುತ್ತಿದ್ದಳು. ಅದು ಅತ್ತೆ ಸೊಸೆಯರ ದಿನದ ಮೊದಲ ಜಗಳ. ಇಳಿಹೊತ್ತಿನದು ತಾಯಿ ಮಗನ ಜಗಳ. ಅಪ್ಪ ಮಗ್ಗ ಬಡಿದಾಗಲೆಲ್ಲ ನೆಲ ಅದುರಿ ತಾಟಿನ ಮಣಿಗಳು ಕುಣಿಯುತ್ತಿದ್ದವು. ಆಯಿ ತಾಟಿನ ಕೆಳಗೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಇಡುತ್ತಿದ್ದಳು. ಆದರೂ ಒಂದೆರಡು ಹಾರಿ ಎಲ್ಲೆಲ್ಲೋ ಸೇರುತ್ತಿದ್ದವು. ಹಾಗೆ ಹಾರಿದ್ದೊಂದು ಹೇಗೋ ಜೋಳದ ಹಿಟ್ಟಿಗೆ ಸೇರಿ ಒಂದು ದಿನ ಅಪ್ಪನ ಹಲ್ಲಿಗೆ ಸಿಕ್ಕಿತು. ಅಪ್ಪ ಅದನ್ನು ಬಾಯಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದ.

"ರೊಟ್ಟಿಯೊಳಗ ಹವಳ ಬಂದೈತಿ. ಇವತ್ತ ನಮ್ಮನ್ಯಾಗ ಯಾರ ಮದುವಿ ಐತಿ?"

ಅವ್ವ ನಗಲಿಲ್ಲ. ಆಯಿಯೂ ನಗಲಿಲ್ಲ, ಕೈ ಚಾಚಿ ಹವಳ ಇಸಿದುಕೊಂಡು ಸೆರಗಿಗೆ ಒರೆಸಿ ತಾಟಿಗೆ ಹಾಕಿದಳು. ನಕ್ಕವರು ನಾನು ಮತ್ತು ನನ್ನ ತಂಗಿ ನೀಲಾ. ನಕ್ಕು ನಕ್ಕು ನೀಲಾಳಿಗೆ ಬಿಕ್ಕಳಿಕೆ ಹತ್ತಿತು. ನಾನು ಅವಳಿಗಿಂತ ನಾಲ್ಕು ವರ್ಷ ದೊಡ್ಡವಳು.

ಮಣಿಯ ವಿಷಯದಲ್ಲಿ ನಾನು ಸುಳ್ಳು ವಿನಯ ಮಾಡುವವಳಲ್ಲ. ಗದಗಿನಿಂದ ಲಕ್ಷ್ಮೇಶ್ವರದವರೆಗೆ, ಆ ಕಡೆ ಶಿರಹಟ್ಟಿ, ಈ ಕಡೆ ಮುಂಡರಗಿ, ಇಷ್ಟರೊಳಗೆ ಮದುವೆ ಹೂಡಿದವರು ನನ್ನ ಬಾಗಿಲಿಗೆ ಬರುತ್ತಾರೆ. ತಾಳಿಯ ಕರಿಮಣಿ ಸರ, ಬಾರಿಹಣ್ಣಿನಂಥ ಬಂಗಾರದ ಗುಂಡುಗಳ ಬೋರಮಾಳ, ಹವಳ ಮುತ್ತು ಕೂಡಿಸಿದ ಎರಡೆಳೆ, ಹಸುಗೂಸಿನ ಕೈಗೆ ಕಟ್ಟುವ ದೃಷ್ಟಿಮಣಿ, ಯಾವುದನ್ನು ಕೊಟ್ಟರೂ ನಾನು ಪೋಣಿಸಿ ಕೊಟ್ಟದ್ದು ಮರಳಿ ಬಂದಿಲ್ಲ. ಈಗಿನ ಹುಡುಗಿಯರು ಮೊಬೈಲಿನಲ್ಲಿ ಚಿತ್ರ ತೋರಿಸಿ ಇಂಥದೇ ಬೇಕು ಎನ್ನುತ್ತಾರೆ. ಚಿತ್ರವನ್ನು ಒಮ್ಮೆ ನೋಡಿದರೆ ಯಾವ ಮಣಿಯೊಳಗೆ ದಾರ ಎರಡು ಸಲ ಹಾದಿದೆ ಎಂದು ಹೇಳಬಲ್ಲೆ. ಈ ಸೀಮೆಯಲ್ಲಿ ನನಗಿಂತ ಚೆನ್ನಾಗಿ ಪೋಣಿಸುವ ಕೈ ಇದ್ದದ್ದು ಒಂದೇ. ಆ ಕೈಯನ್ನು ನಾನೇ ಕೆಡಿಸಿದೆ. ಹೇಗೆ ಎನ್ನುವುದನ್ನು ಹೇಳಬೇಕಾದರೆ ಆ ಚಾಪೆಯಿಂದಲೇ ಹೇಳಬೇಕು.

ಆಯಿ ನಮಗೆ ಮೊದಲು ಮಣಿ ಮುಟ್ಟಲು ಕೊಡಲಿಲ್ಲ, ದಾರ ಕೊಟ್ಟಳು. ಅಪ್ಪನ ಮಗ್ಗದಲ್ಲಿ ಉಳಿದ ನೂಲಿನ ಆರು ಎಳೆ ಸೇರಿಸಿ ತೊಡೆಯ ಮೇಲೆ ಹೊಸೆಯಬೇಕು. ಹೊಸೆದದ್ದನ್ನು ಮೇಣದ ತುಂಡಿನ ಮೇಲೆ ಮೂರು ಸಲ ಎಳೆದು, ಆಮೇಲೆ ಅರಿಷಿಣ ಹಚ್ಚಿದ ಬೆರಳ ಸಂದಿಯಲ್ಲಿ ಎಳೆಯಬೇಕು. ತುದಿಗೆ ಇನ್ನೊಂದಿಷ್ಟು ಮೇಣ ಹಚ್ಚಿ ಚೂಪು ಮಾಡಿದರೆ ದೊಡ್ಡ ತೂತಿನ ಮಣಿಗೆ ಸೂಜಿಯೇ ಬೇಡ. ಮಳೆಗಾಲದಿಂದ ಸಂಕ್ರಾಂತಿಯವರೆಗೆ ನಾನು ಬರೀ ದಾರ ಹೊಸೆದೆ. ತೊಡೆಯ ಮೇಲಿನ ಕೂದಲು ಉದುರಿ ಹೋಯಿತು. ಆಮೇಲೆ ಮಣಿ ಆರಿಸುವುದು. ಒದ್ದೆ ಬಿಳಿ ಬಟ್ಟೆಯ ಮೇಲೆ ಮಣಿ ಸುರಿದು ಬೆರಳ ತುದಿಯಿಂದ ಒಂದೊಂದನ್ನೇ ಉರುಳಿಸಬೇಕು. ಸೊಟ್ಟ ಮಣಿ ಅಡ್ಡ ಉರುಳುತ್ತದೆ. ತೂತಿನ ಅಂಚು ಹರಿತವಾಗಿದ್ದರೆ ಅದು ದಿನಾ ಇಷ್ಟಿಷ್ಟೇ ದಾರವನ್ನು ಕೊಯ್ಯುತ್ತದೆ. ಅದನ್ನು ಕಣ್ಣಿನಿಂದ ಕಾಣಲಾಗದು, ಕೆಳತುಟಿಗೆ ಮುಟ್ಟಿಸಿ ನೋಡಬೇಕು. ಈಗಲೂ ಹೊಸ ಮಣಿ ಬಂದರೆ ನನ್ನ ಕೈ ತಾನಾಗಿ ತುಟಿಗೆ ಹೋಗುತ್ತದೆ.

ಕೆಲಸಕ್ಕಿಂತ ಮಾತಿನ ಕಟ್ಟಳೆಯೇ ಹೆಚ್ಚು. ನಮ್ಮ ಮನೆಯಲ್ಲಿ ಸರ ಹರಿಯಿತು ಎನ್ನುವಂತಿರಲಿಲ್ಲ. ತಾಳಿಯ ಸರ ಹರಿದರೆ ಹೆಚ್ಚೈತಿ ಎನ್ನಬೇಕು. ಬಳೆ ಒಡೆದರೂ ಹೆಚ್ಚಿದವು, ಕುಂಕುಮ ತೀರಿದರೂ ಹೆಚ್ಚಾತು. ಕೆಟ್ಟದ್ದನ್ನು ಬಾಯಿಂದ ಹೊರಗೆ ಬಿಡಬಾರದು ಎಂದು ಹಿರಿಯರು ಮಾಡಿಕೊಂಡ ಏರ್ಪಾಡು ಇದು, ಈ ಕಡೆಯವರಿಗೆಲ್ಲ ಗೊತ್ತಿದ್ದದ್ದೇ. ಸಣ್ಣವಳಿದ್ದಾಗ ನೀಲಾಳಿಗೆ ಇದು ಗೊತ್ತಿರಲಿಲ್ಲ. ಒಂದು ದಿನ ಓಣಿಯ ಹೆಂಗಸೊಬ್ಬಳು ಬಂದು ಬಾಗಿಲಲ್ಲಿ ನಿಂತು, ನಮ್ಮ ಸರ ಹೆಚ್ಚೈತಿ, ಆಯಿ ಅದಾರೇನು ಎಂದು ಕೇಳಿದಳು. ನೀಲಾ ಒಳಗೆ ಓಡಿಹೋಗಿ ಕತ್ತರಿ ತಂದಳು.

"ಎಷ್ಟು ಹೆಚ್ಚೈತ್ರಿ? ಕತ್ತರಿಸಿ ಕೊಡ್ತೀನಿ."

ಅವ್ವ ಅವಳ ಕೈಯಿಂದ ಕತ್ತರಿ ಕಿತ್ತುಕೊಂಡು ಬೆನ್ನಿಗೆ ಒಂದು ಬಿಟ್ಟಳು. ಬಂದ ಹೆಂಗಸಿನ ಮುಖ ಕಪ್ಪಿಟ್ಟಿತು. ಆಯಿ ಮಾತ್ರ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮೈಯೆಲ್ಲ ಅಲುಗಿಸಿಕೊಂಡು ನಕ್ಕಳು. ನೀಲಾ ಅತ್ತಳು, ಆದರೆ ಹೆದರಲಿಲ್ಲ. ಹೆದರುವುದು ಅವಳ ಗುಣದಲ್ಲಿರಲಿಲ್ಲ. ಬರೆಯುವಾಗಲೂ, ಲೆಕ್ಕ ಹೇಳುವಾಗಲೂ, ಬಿಸಿ ರೊಟ್ಟಿಗೆ ಕೈ ಹಾಕುವಾಗಲೂ ಅವಳು ತಡೆದು ನೋಡುವವಳಲ್ಲ.

ನಾನು ಐದನೆಯ ಇಯತ್ತೆ ಮುಗಿಸಿದ ವರ್ಷ ಆಯಿಯ ಕಣ್ಣು ಮಂಜಾಯಿತು. ಸೂಜಿಗೆ ದಾರ ಹಾಕಲು, ಸೊಟ್ಟ ಮಣಿ ಆರಿಸಲು ಹಗಲೆಲ್ಲ ಒಬ್ಬರು ಬೇಕಾದರು. ಅವ್ವನಿಗೆ ಅಡಿಗೆಯ ನಂತರ ನೂಲು ಸುತ್ತುವ ಕೆಲಸ. ಹಾಗಾಗಿ ನನ್ನನ್ನು ಶಾಲೆ ಬಿಡಿಸಿದರು. ಯಾರೂ ಜಗಳ ಮಾಡಲಿಲ್ಲ, ನಾನೂ ಮಾಡಲಿಲ್ಲ. ಜೂನಿನಲ್ಲಿ ನೀಲಾ ನನ್ನ ಹಳೆಯ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಹೋದಳು, ನಾನು ಚಾಪೆಯ ಮೇಲೆ ಕುಳಿತೆ. ಮಣಿಗಳು ಹಳೆಯ ಪತ್ರಿಕೆಯ ಪೊಟ್ಟಣಗಳಲ್ಲಿ ಬರುತ್ತಿದ್ದವು. ಪೊಟ್ಟಣ ಬಿಚ್ಚಿದ ಮೇಲೆ ಆ ಕಾಗದವನ್ನು ಮೊಣಕಾಲಿನ ಮೇಲೆ ಸವರಿ ನೆಟ್ಟಗೆ ಮಾಡಿ ಓದುತ್ತಿದ್ದೆ. ಅರ್ಧ ಸುದ್ದಿ, ಅರ್ಧ ಜಾಹೀರಾತು, ಮೊದಲಿಲ್ಲದ ಕಥೆಗಳು. ನನ್ನ ಓದು ಇವತ್ತಿಗೂ ಅಷ್ಟೇ.

ಆದರೆ ಶಾಲೆ ಬಿಟ್ಟದ್ದಕ್ಕೆ ನನಗೆ ಒಂದು ಸಿಕ್ಕಿತು. ಸರ ಮುಗಿಸುವ ಕಡೆಯ ಗಂಟನ್ನು ಆಯಿ ಯಾರ ಎದುರಿಗೂ ಹಾಕುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ, ಸರವನ್ನು ಸೆರಗಿನ ಮರೆಗೆ ತೆಗೆದುಕೊಂಡು ಹಾಕುತ್ತಿದ್ದಳು. ದೃಷ್ಟಿ ತಾಗಬಾರದು ಎಂದು ಹೇಳುತ್ತಿದ್ದಳು. ಮಾಡುವ ಬಗೆ ಹೊರಗೆ ಹೋಗಬಾರದು ಎನ್ನುವುದೂ ಇತ್ತು ಅಂತ ಈಗ ನನಗೆ ಗೊತ್ತು. ನನಗೆ ಹದಿಮೂರು ತುಂಬಿದಾಗ, ನೀಲಾ ಶಾಲೆಗೆ ಹೋಗಿದ್ದ ಒಂದು ಮಧ್ಯಾಹ್ನ, ಆಯಿ ಸೆರಗು ಎತ್ತಿ ನನ್ನ ತಲೆಯನ್ನು ಒಳಗೆ ಎಳೆದುಕೊಂಡಳು. ಇಳಕಲ್ ಸೀರೆಯ ಕೆಂಪು ಬಣ್ಣದ ಬೆಳಕು ಅದರೊಳಗೆ. ತಂಬಾಕು, ಮೇಣ, ಅವಳ ಮೈಯ ವಾಸನೆ. ಅವಳ ಬೆರಳುಗಳು ನನ್ನ ಮೂಗಿನ ಮುಂದೆಯೇ ಆಡಿದವು. ಸರದ ಎರಡೂ ತುದಿ ಕೂಡಿಸಿ ಹಾಕುವುದು ಮೊದಲ ಗಂಟು. ಅದರ ಮೇಲೆ ಇನ್ನೊಂದು ಸುತ್ತು ಹಾಕಿ ಪಕ್ಕದ ಮಣಿಯ ತೂತಿನೊಳಗೆ ಎಳೆದುಕೊಳ್ಳುವುದು ಎರಡನೆಯದು. ಇಷ್ಟಕ್ಕೆ ಸರ ಮುಗಿದ ಹಾಗೆಯೇ ಕಾಣುತ್ತದೆ, ಆದರೆ ಮುಗಿದಿರುವುದಿಲ್ಲ. ಉಳಿದ ತುದಿಯನ್ನು ಕತ್ತರಿಸದೆ, ಬಂದ ದಾರಿಯಲ್ಲೇ ನಾಲ್ಕು ಮಣಿ ಹಿಂದೆ ಹೋಗಿ, ಐದನೆಯ ಮಣಿಯ ಬಾಯಿಯಲ್ಲಿ ಮೂಲ ದಾರವನ್ನು ಸುತ್ತಿ ಬಿಗಿದು, ಆ ಮಣಿಯೊಳಗೆ ಅಡಗಿಸಬೇಕು. ಅದು ಒಳಗಂಟು. ಬೆವರಿಗೆ, ಅರಿಷಿಣದ ನೀರಿಗೆ ದಾರ ನೆನೆದು ಮೊದಲೆರಡು ಜಾರಿದರೂ ಒಳಗಂಟು ಹಿಡಿದುಕೊಳ್ಳುತ್ತದೆ. ಚೆನ್ನಾಗಿ ಕೂತರೆ ಅದು ಕಣ್ಣಿಗೂ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ ಎಂದು ಆಯಿ ಹೇಳಿದಳು. ಆ ಸೆರಗಿನೊಳಗೆ ಹೋದವಳು ಮನೆಯಲ್ಲಿ ನಾನೊಬ್ಬಳೇ. ನೀಲಾಳ ಹತ್ತಿರ ಏನೇನೋ ಇತ್ತು, ಇದು ಇರಲಿಲ್ಲ.

ಉಳಿದದ್ದೆಲ್ಲ ಅವಳಿಗೆ ನೋಡಿದರೆ ಬರುತ್ತಿತ್ತು. ಶಾಲೆಯಿಂದ ಬಂದು ಚೀಲ ಮೂಲೆಗೆ ಎಸೆದು, ಒಂದು ಕೈಯಲ್ಲಿ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಹಿಡಿದೇ ನನ್ನ ಪಕ್ಕ ಕೂರುತ್ತಿದ್ದಳು. ನಾನು ಒಂದು ವಾರ ತಿಣುಕಿದ್ದನ್ನು ಅವಳು ರೊಟ್ಟಿ ಮುಗಿಯುವುದರೊಳಗೆ ಕಲಿಯುತ್ತಿದ್ದಳು. ಹೈಸ್ಕೂಲಿನಲ್ಲಿದ್ದಾಗ, ಅಪ್ಪ ನೇಯುತ್ತಿದ್ದ ಸೀರೆಯ ಅಂಚಿನ ದಡಿಯ ನಮೂನೆಯನ್ನು ಚೌಕುಳಿ ವಹಿಯಲ್ಲಿ ಚುಕ್ಕಿ ಇಟ್ಟು ಬರೆದುಕೊಂಡು, ಎರಡು ಸೂಜಿಗಳನ್ನು ಎದುರುಬದುರಾಗಿ ಒಂದೇ ಮಣಿಯಲ್ಲಿ ಹಾಯಿಸುತ್ತ, ಎರಡು ಬೆರಳಗಲದ ಒಂದು ಕೊರಳಪಟ್ಟಿ ಮಾಡಿದಳು. ಕೆಂಪು, ಕಪ್ಪು, ಬಿಳಿ. ಮಣಿಯಲ್ಲಿ ನೇಯ್ದ ಸೀರೆಯ ದಡಿಯೇ ಅದು. ಅಪ್ಪ ಕುಣಿಯಿಂದ ಮೇಲೆ ಬಂದು ನೋಡಿದ. ಆಯಿಗೆ ಆಗ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚು ಕಾಣುತ್ತಿರಲಿಲ್ಲ. ಪಟ್ಟಿಯನ್ನು ಬೆರಳಿನಿಂದ ಆ ತುದಿಯಿಂದ ಈ ತುದಿಯವರೆಗೆ ಓದಿದಳು.

"ಇದರ ಕೈ ನನ್ನ ದಾಟಿ ಹೋತು."

ನನ್ನ ಪಕ್ಕದಲ್ಲೇ ಕುಳಿತು ಹೇಳಿದಳು. ನಾನು ಅವಳ ಸೂಜಿಗೆ ದಾರ ಹಾಕಿಕೊಡುತ್ತಿದ್ದೆ. ಆ ದಾರ ಹಾಕಿ ಕೊಟ್ಟೆ, ಮುಂದಿನದಕ್ಕೂ ಹಾಕಿ ಕೊಟ್ಟೆ. ಮನಸ್ಸಿನಲ್ಲಿ ಏನೋ ಮುರಿಯಿತು ಎಂದೆಲ್ಲ ಬರೆಯಲಾರೆ, ಹಾಗೇನೂ ಆಗಲಿಲ್ಲ. ಒಂದು ಲೆಕ್ಕ ಮಾತ್ರ ಹುಟ್ಟಿತು: ಶಾಲೆ ಅವಳದು, ಹೊಗಳಿಕೆ ಅವಳದು, ಒಳಗಂಟು ನನ್ನದು.

ನನ್ನ ಮದುವೆ ಎರಡು ಓಣಿಯಾಚೆಗೇ ಆಯಿತು. ದಿನಾ ಮಧ್ಯಾಹ್ನ ತವರಿಗೆ ಬಂದು ಆಯಿಯ ಚಾಪೆಯ ಮೇಲೆ ಕುಳಿತು ಕೆಲಸ ಮಾಡುತ್ತಿದ್ದೆ. ನೀಲಾಳಿಗೆ ಹತ್ತೊಂಬತ್ತಕ್ಕೆ ಕೊರ್ಲಹಳ್ಳಿಯ ಗಂಡು ಗೊತ್ತಾಯಿತು. ಹೊಳೆ ದಂಡೆಯ ಊರು, ಬಟ್ಟೆ ಅಂಗಡಿಯ ಮನೆ. ಅಲ್ಲಿ ಸುತ್ತಮುತ್ತ ಸರ ಪೋಣಿಸುವವರು ಯಾರೂ ಇಲ್ಲ, ಎಲ್ಲರೂ ಮುಂಡರಗಿಗೇ ಹೋಗಬೇಕು ಎಂದು ಬೀಗರು ಹೇಳಿದ್ದೇ ನೀಲಾಳಿಗೆ ಖುಷಿಯೋ ಖುಷಿ. ಅಲ್ಲಿ ತನ್ನದೇ ಚಾಪೆ ಹಾಕುತ್ತೇನೆ ಎಂದು ಕುಣಿದಳು. ಆಯಿ ಹಾಸಿಗೆ ಹಿಡಿದಿದ್ದಳು. ನಮ್ಮಿಬ್ಬರನ್ನೂ ಕರೆದು, ತನಗೆ ಕಣ್ಣಿಲ್ಲ, ಬೆರಳೂ ಮಾತು ಕೇಳುವುದಿಲ್ಲ, ತಂಗಿಗೆ ಒಳಗಂಟು ಕಲಿಸಿ ಕಳಿಸು ಎಂದು ನನಗೆ ಹೇಳಿದಳು. ಅದೇ ಮಧ್ಯಾಹ್ನ ನಾನು ನೀಲಾಳನ್ನು ಬೆಳಕಿಂಡಿಯ ಕೆಳಗೆ ಕೂರಿಸಿಕೊಂಡೆ. ಮೊದಲ ಗಂಟು ಹಾಕಿ ತೋರಿಸಿದೆ. ಎರಡನೆಯದನ್ನು ಹಾಕಿ ಮಣಿಯೊಳಗೆ ಎಳೆದು ತೋರಿಸಿದೆ. ಆಮೇಲೆ ಕತ್ತರಿ ಎತ್ತಿಕೊಂಡು ತುದಿ ಕತ್ತರಿಸಿದೆ.

"ಒಳಗಂಟು ಅಂದ್ರ ಇದನಾ ಅಕ್ಕಾ? ಇಷ್ಟನಾ?"

"ಇಷ್ಟ."

ಅವಳು ಹಾಕಿದಳು, ನನಗಿಂತ ಅಚ್ಚುಕಟ್ಟಾಗಿ. ಹಾಕಿದ್ದನ್ನು ಆಯಿಯ ಹತ್ತಿರ ಒಯ್ದು ಕೈಗೆ ಕೊಟ್ಟಳು. ಆಯಿ ಬಹಳ ಹೊತ್ತು ಸವರಿದಳು. ಗಂಟಿನ ಹಿಂದೆ, ಒಂದು, ಎರಡು, ಮೂರು, ನಾಲ್ಕು, ಐದನೆಯ ಮಣಿಗೆ ಅವಳ ಬೆರಳು ಬಂದು ನಿಂತಿತು. ಮುಖ ನನ್ನ ಕಡೆ ತಿರುಗಿಸಿದಳು.

"ಶಾಂತಿ, ಒಳಗಂಟು ಬೆರಳಿಗೆ ಸಿಗವಲ್ದಲ್ಲವಾ?"

"ಚಲೋ ಕೂತಿದ್ದು ಸಿಗೂದಿಲ್ಲ ಅಂತ ನೀನ ಹೇಳಿದ್ದಿ ಆಯಿ."

ಆಯಿ ತಲೆ ಆಡಿಸಿದಳು. ನೀಲಾಳ ತಲೆ ಸವರಿ, ಚಲೋ ಕೂತೈತಿ ಬಿಡು ಎಂದಳು. ಅವಳದೇ ಮಾತನ್ನು ಅವಳ ಕಣ್ಣಿಗೆ ಕಟ್ಟಿ ನಾನು ಪಾರಾದೆ. ನೀಲಾಳ ಮದುವೆಯಾಗಿ ಎರಡು ತಿಂಗಳಿಗೆ ಆಯಿ ತೀರಿಕೊಂಡಳು. ಒಳಗಂಟು ಗೊತ್ತಿದ್ದವಳು ಆಮೇಲೆ ನಾನೊಬ್ಬಳೇ.

ಆಗ ನನಗೆ ನಾನು ಹೇಳಿಕೊಂಡದ್ದು ಏನೆಂದರೆ, ಇದರಿಂದ ಕೆಡುಕೇನೂ ಆಗುವುದಿಲ್ಲ, ಅವಳು ಪೋಣಿಸಿದ್ದು ವರ್ಷಕ್ಕೊಮ್ಮೆ ಸಡಿಲಾಗುತ್ತದೆ, ಜನ ಅವಳದಕ್ಕಿಂತ ನನ್ನದು ಗಟ್ಟಿ ಎನ್ನುತ್ತಾರೆ, ಅಷ್ಟೇ. ನನ್ನ ಆಸೆ ಅಷ್ಟೇ ಇತ್ತು. ಆದರೆ ನಮ್ಮ ಕೆಲಸದಲ್ಲಿ ಸಡಿಲಾಗುವುದು ಎಂಬುದು ಬರೀ ಸಡಿಲಾಗುವುದಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಕೊರ್ಲಹಳ್ಳಿಯಲ್ಲಿ ನೀಲಾಳ ಬದಿಮನೆಯ ಹುಡುಗಿ ಗಿರಿಜಾ. ಅವಳನ್ನು ಬೆಳ್ಳಟ್ಟಿಗೆ ಕೊಟ್ಟರು. ತಾಳಿಯ ಕರಿಮಣಿ ಸರವನ್ನು ನೀಲಾಳೇ ಪೋಣಿಸಿದಳು. ಮದುವೆಗೆಂದು ಅವಳು ಪೋಣಿಸಿದ ಮೊದಲ ಸರ ಅದು. ಬೇಸಿಗೆಯ ಮದುವೆ. ಇಡೀ ದಿನ ಬೆವರು, ಅರಿಷಿಣ. ಸಂಜೆ ಬೆಳ್ಳಟ್ಟಿಯ ಮನೆ ತುಂಬುವಾಗ ಗಿರಿಜಾ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬಂದು, ಅತ್ತೆಯ ಕಾಲಿಗೆ ಬಾಗಿದಳು. ಬಾಗಿದಾಗ ತಾಳಿಯ ಭಾರಕ್ಕೆ ಸರ ಜೋತಾಡಿ, ಗಂಟು ಜಾರಿತು. ಚೆಲ್ಲಿದ ಬಿಳಿ ಅಕ್ಕಿಯ ಮೇಲೆ ಕರಿಮಣಿಗಳು ಉದುರಿದವು. ಹಿರಿಯ ಹೆಂಗಸೊಬ್ಬಳು ಕೂಡಲೇ, ಹೆಚ್ಚೈತಿ, ಹೆಚ್ಚೈತಿ ಬಿಡ್ರಿ ಎಂದಳಂತೆ. ಎಲ್ಲರೂ ಹೆಚ್ಚೈತಿ ಎಂದರಂತೆ. ಬಾಯಿಯ ಮಾತು ಬದಲಿಸಿದರೆ ಕಣ್ಣು ನೋಡಿದ್ದು ಬದಲಾಗುತ್ತದೆಯೇ? ನಾಲ್ಕು ಮಂದಿ ಹೆಂಗಸರು ನೆಲಕ್ಕೆ ಕುಳಿತು ಅಕ್ಕಿಯೊಳಗಿನ ಮಣಿ ಆರಿಸುತ್ತಿದ್ದಾಗಲೇ ಒಬ್ಬಳು ಕೇಳಿದಳು, ಇದನ್ನ ಪೋಣಿಸಿದ ಕೈ ಯಾರದು?

ಮೂರನೆಯ ದಿನ ನೀಲಾ ಬೆಟಗೇರಿಗೆ ಬಂದಳು. ಆರು ತಿಂಗಳ ಬಸುರಿ, ಎರಡು ಬಸ್ಸು ಬದಲಿಸಿ ಒಬ್ಬಳೇ ಬಂದಿದ್ದಳು. ಅವ್ವ ಕೊಟ್ಟ ನೀರನ್ನೂ ಕುಡಿಯದೆ ನೇರ ನನ್ನ ಮುಂದೆ ಕುಳಿತು ಕರವಸ್ತ್ರ ಬಿಚ್ಚಿದಳು. ಅದರಲ್ಲಿ ಆ ದಾರ ಇತ್ತು. ಮಣಿ ಇಲ್ಲದ ಬರೀ ದಾರ.

"ಎಲ್ಲೆ ತಪ್ಪಿದೆ ನೋಡಕ್ಕಾ. ನನಗ ಸಿಗವಲ್ದು. ಊರಾಗ ಎಲ್ಲಾರೂ ನನ್ನ ಕೈಗುಣ ಅನ್ನಾಕತ್ತಾರ."

ಕೈಗುಣ ಎಂದರೆ ಏನೆಂದು ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ. ಒಬ್ಬರು ನೆಟ್ಟ ಗಿಡ ಹತ್ತುತ್ತದೆ, ಒಬ್ಬರು ನೆಟ್ಟದ್ದು ಒಣಗುತ್ತದೆ. ಶುಭಕ್ಕೆ ಕೈ ಹಾಕುವ ಕೆಲಸ ನಮ್ಮದು. ಕೈಗುಣ ಸರಿಯಿಲ್ಲ ಎಂದು ಒಂದು ಸಲ ಹೆಸರು ಬಂದರೆ ಅಲ್ಲಿಗೆ ಮುಗಿಯಿತು. ನಾನು ದಾರವನ್ನು ಕೈಗೆ ತೆಗೆದುಕೊಂಡೆ. ಮೊದಲ ಗಂಟಿನ ಸುಕ್ಕು ಇತ್ತು, ಎರಡನೆಯದರದೂ ಇತ್ತು. ಅದರ ಹಿಂದೆ ದಾರ ನುಣ್ಣಗೆ, ನೆಟ್ಟಗೆ ಇತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ತಪ್ಪು ಕೈಯದಲ್ಲ, ಗಂಟಿನದು ಎಂದಿದ್ದರೆ ಅವಳು ಅದೇ ಬಸ್ಸಿಗೆ ಹಿಂದಿರುಗಿ ಊರಿನ ನಡುವೆ ನಿಂತು ಹೇಳುತ್ತಿದ್ದಳು. ಯಾರ ಗಂಟು ಎಂದು ಕೇಳಿದರೆ ನನ್ನ ಹೆಸರು ಬರುತ್ತಿತ್ತು. ನಾನು ದಾರವನ್ನು ಮಡಚಿ ಅವಳ ಕರವಸ್ತ್ರದಲ್ಲಿ ಇಟ್ಟೆ.

"ಗಂಟು ಚಲೋನ ಐತಿ ನೀಲಾ. ಎಲ್ಲಾರ ಕೈಗೂ ಹತ್ತೂದಿಲ್ಲವಾ ಇದು."

ಈ ಎರಡನೆಯ ಸುಳ್ಳೇ ದೊಡ್ಡದು. ಮೊದಲನೆಯದು ಹೊಟ್ಟೆಕಿಚ್ಚು, ಹುಡುಗಬುದ್ಧಿ ಎಂದು ಯಾರಾದರೂ ಅಂದಾರು. ಎರಡನೆಯದನ್ನು ನಾನು ಅವಳ ಮುಖ ನೋಡುತ್ತ, ಅವಳ ಹೊಟ್ಟೆ ನೋಡುತ್ತ ಹೇಳಿದೆ. ಅವಳು ಅದನ್ನು ನಂಬಿದಳು. ಹೇಳಿದವಳು ಅಕ್ಕ, ನಂಬದೆ ಏನು ಮಾಡುತ್ತಾಳೆ? ಅವ್ವ ಮಾಡಿದ ಜುಣಕ ರೊಟ್ಟಿ ಉಂಡು, ಸಂಜೆಯ ಬಸ್ಸಿಗೆ ಹೋದಳು. ಆವತ್ತಿನಿಂದ ಸೂಜಿ ಹಿಡಿಯಲಿಲ್ಲ.

ಇಪ್ಪತ್ತೈದು ವರ್ಷ ಹೋಯಿತು. ನೀಲಾ ಗಂಡನ ಅಂಗಡಿಯಲ್ಲಿ ಸೀರೆ ಮಡಚಿದಳು, ಗಿರಾಕಿಗಳ ಜೊತೆ ನಗುತ್ತ ಮಾತಾಡಿದಳು, ಮನೆ ಕಟ್ಟಿಸಿದಳು. ಹೊರಗಿನಿಂದ ನೋಡಿದವರಿಗೆ ಅವಳಿಗೆ ಏನೂ ಕಡಿಮೆಯಿಲ್ಲ. ಆದರೆ ಮಗಳು ಪೂರ್ಣಿಮಾ ಹುಟ್ಟಿದಾಗ ಕೂಸಿನ ಕೈಗೆ ಕರಿಮಣಿ ಕಟ್ಟಲು ನನ್ನನ್ನು ಕರೆಸಿದಳು, ತಾನು ಮುಟ್ಟಲಿಲ್ಲ. ಯಾರ ಮನೆಯ ಮದುವೆಯಲ್ಲೂ ಮದುಮಕ್ಕಳಿಗೆ ನೀರೆರೆಯುವ ಸುರಗಿಗೆ, ಆರತಿಗೆ ಮುಂದೆ ಹೋಗಲಿಲ್ಲ, ಹಿಂದೆ ನಿಂತು ಅಡಿಗೆಯವರಿಗೆ ಕೈಜೋಡಿಸಿದಳು. ಮುಂಡರಗಿ ಕಡೆಯವರು ಮದುವೆ ಸರಕ್ಕೆ ಬೆಟಗೇರಿಗೇ ಬರತೊಡಗಿದರು. ಅಕ್ಕನ ಕೈಗುಣ ಬಂಗಾರ, ತಂಗಿಗೆ ಬರಲಿಲ್ಲ ನೋಡಿ ಎಂದು ನನ್ನ ಬಾಗಿಲಲ್ಲೇ ನಿಂತು ಅಂದರು. ನಾನು ಚಹಾ ಮಾಡಿ ಕೊಟ್ಟೆ.

ಈ ಸಲ ಪೂರ್ಣಿಮಾಳ ಮದುವೆ ಗೊತ್ತಾದಾಗ ನೀಲಾ ಫೋನು ಮಾಡಿ, ಸರವನ್ನು ನೀನೇ ಬಂದು ಪೋಣಿಸಬೇಕು ಎಂದಳು. ಮದುವೆಗೆ ಎಂಟು ದಿನ ಮೊದಲು, ಬೆಳಿಗ್ಗೆ, ಕೊರ್ಲಹಳ್ಳಿಯ ಅವಳ ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ದೀಪ ಹಚ್ಚಿ, ಮಣಿಯ ಹರಿವಾಣಕ್ಕೆ ಕುಂಕುಮ ಏರಿಸಿ, ಐವರು ಮುತ್ತೈದೆಯರು ಸುತ್ತ ಕುಳಿತಿದ್ದರು. ಮೊದಲ ಐದು ಮಣಿಗಳನ್ನು ಅವರು ಒಬ್ಬೊಬ್ಬರಾಗಿ ಏರಿಸಿ ಕೊಟ್ಟ ಮೇಲೆ ಪೋಣಿಸುವವಳು ಮುಂದುವರಿಸಬೇಕು. ಆ ಐವರಲ್ಲಿ ಗಿರಿಜಾ ಇದ್ದಳು. ತಲೆಯಲ್ಲಿ ಬಿಳಿ ಕೂದಲು ಬಂದಿತ್ತು, ತವರಿನ ಬದಿಮನೆಯ ಮದುವೆಗೆಂದು ಬೆಳ್ಳಟ್ಟಿಯಿಂದ ಬಂದಿದ್ದಳು. ಹುಡುಗಿಯ ತಾಯಿ ಮಾತ್ರ ಅಲ್ಲಿ ಇರಲಿಲ್ಲ. ಎಲ್ಲಿ ಎಂದು ಕೇಳಿದೆ. ಒಳಗಿದ್ದಾಳೆ ಎಂದರು. ನಾನು ಕರೆದೆ.

"ನೀ ಪೋಣಿಸಕ್ಕಾ. ನಾ ಒಳಗ ಇರತೀನಿ. ನನ್ನ ನೆಳ್ಳ ಬೀಳೂದು ಬ್ಯಾಡ."

ಅಡಿಗೆಮನೆಯಿಂದ ಬಂತು ಧ್ವನಿ. ದುಃಖವಿರಲಿಲ್ಲ ಅದರಲ್ಲಿ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳುವವರ ಹಾಗೆ ಇತ್ತು. ನಾನು ಹರಿವಾಣದ ಮುಂದಿನಿಂದ ಎದ್ದೆ. ಅಡಿಗೆಮನೆಯ ಬಾಗಿಲಿಗೆ ಹೋಗಿ ಅವಳ ರಟ್ಟೆ ಹಿಡಿದು ಪಡಸಾಲೆಗೆ ಎಳೆದುಕೊಂಡು ಬಂದೆ. ಎಲ್ಲರ ಎದುರಿಗೇ ಹೇಳಬೇಕು ಎಂದು ಮೊದಲೇ ಯೋಚಿಸಿ ಬಂದವಳಲ್ಲ. ಅವಳೊಬ್ಬಳಿಗೇ ಹೇಳಿದರೆ ಅವಳು ಅದನ್ನು ನುಂಗಿಕೊಂಡು ನನ್ನನ್ನು ಕಾಪಾಡುತ್ತಾಳೆ ಎಂದು ಅವಳ ರಟ್ಟೆ ಹಿಡಿದಾಗ ಗೊತ್ತಾಯಿತು.

"ಸರಕ್ಕ ಮೂರು ಗಂಟು ಇರ್ತಾವು. ನಾ ಈಕಿಗೆ ಎರಡ ಕಲಿಸಿದೆ. ಮರತಲ್ಲ, ಬೇಕಂತ. ಗಿರಿಜಾನ ಸರ ಜಾರಿದ್ದು ಅದಕ್ಕ. ಈಕಿ ಕೈಯಾಗ ಯಾವ ದೋಷಾನೂ ಇಲ್ಲ."

  ಮೊದಲು ಬಾಯಿ ಬಿಟ್ಟವಳು ಗಿರಿಜಾ.

"ಹನ್ನೆರಡು ವರ್ಷ ನಮ್ಮತ್ತಿ ನನ್ನ ಕಾಲ್ಗುಣ ಅಂದ್ಲು. ಈ ಊರವ್ರು ನೀಲಕ್ಕನ ಕೈಗುಣ ಅಂದ್ರು. ಕಡೀಕ ನೋಡಿದ್ರ ಒಂದು ಗಂಟು."

ಹೇಳಿ ಅವಳು ನಕ್ಕಳು. ಆ ನಗುವನ್ನು ಕೇಳಿಸಿಕೊಂಡು ನಿಲ್ಲುವುದು ನನಗೆ ಕಷ್ಟವಾಯಿತು. ನೀಲಾ ನಗಲಿಲ್ಲ, ಅಳಲಿಲ್ಲ. ನನ್ನ ಕೈಯಿಂದ ರಟ್ಟೆ ಬಿಡಿಸಿಕೊಂಡಳು.

"ನಾ ದಾರ ತಗೊಂಡು ಬಂದಿದ್ನಲ್ಲ. ಆವತ್ತ ಗೊತ್ತಾಗಿತ್ತೇನು ನಿನಗ?"

"ಗೊತ್ತಾಗಿತ್ತು."

"ದಾರ ನೋಡಿದ ಮ್ಯಾಲೆ?"

"ನೋಡೂದಕ್ಕಿಂತ ಮೊದಲ."

ಅವಳು ಹಿತ್ತಲಿಗೆ ಹೋದಳು. ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಕೈಕಾಲು ತೊಳೆದು, ಮುಖ ಒರೆಸಿಕೊಂಡು ಬಂದು, ನಾನು ಕೂರಬೇಕಾಗಿದ್ದ ಜಾಗದಲ್ಲಿ ಹರಿವಾಣದ ಮುಂದೆ ಕುಳಿತಳು. ಐವರನ್ನೂ ಒಮ್ಮೆ ನೋಡಿದಳು. ಯಾರೂ ಬೇಡ ಎನ್ನಲಿಲ್ಲ. ಗಿರಿಜಾ ಮೊದಲ ಮಣಿ ಏರಿಸಿ ದಾರವನ್ನು ಅವಳ ಕೈಗೆ ಕೊಟ್ಟಳು. ಇಪ್ಪತ್ತೈದು ವರ್ಷ ಬಿಟ್ಟ ಕೈ ಮೊದಲ ಹತ್ತು ಮಣಿಗಳಿಗೆ ತಡವರಿಸಿತು. ಆಮೇಲೆ ನಾನು ನೋಡುತ್ತ ಕುಳಿತೆ, ಅಷ್ಟೇ. ಮಣಿಗಳು ತಾವಾಗಿ ಎದ್ದು ದಾರಕ್ಕೆ ಬರುತ್ತಿದ್ದವು. ನನಗೆ ಆ ವೇಗ ಎಂದೂ ಬಂದಿಲ್ಲ. ಕಡೆಯ ಮಣಿಗೆ ಬಂದಾಗ ಮುಖ ಎತ್ತದೆ, ತೋರಿಸು ಎಂದಳು. ಒಂದು ತುಂಡು ದಾರಕ್ಕೆ ಏಳೆಂಟು ಮಣಿ ಹಾಕಿ, ಎಲ್ಲ ಹೆಂಗಸರೂ ನೋಡುವ ಹಾಗೆ ಬಯಲಿನಲ್ಲಿ ನಾನು ಒಳಗಂಟು ಹಾಕಿ ತೋರಿಸಿದೆ. ಎರಡನೆಯ ಸಲ ತೋರಿಸಬೇಕಾಗಲಿಲ್ಲ. ಅವಳು ನಾಲ್ಕು ಮಣಿ ಹಿಂದೆ ಹೋಗಿ, ಐದನೆಯದರಲ್ಲಿ ಬಿಗಿದು ಅಡಗಿಸಿ, ತುದಿ ಕತ್ತರಿಸಿದಳು. ಸರವನ್ನು ನನ್ನ ಮುಂದೆ ಹಿಡಿದಳು.

"ಜಗ್ಗು."

ಹಿರಿಯಳೊಬ್ಬಳು, ಶುಭದ ವಸ್ತು, ಹಂಗೆಲ್ಲ ಜಗ್ಗಬಾರದು ತಂಗಿ ಎಂದಳು. ನೀಲಾ ಅವಳ ಕಡೆ ತಿರುಗಲಿಲ್ಲ. ನಾನು ಸರವನ್ನು ತೆಗೆದುಕೊಂಡು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಹಿಡಿಯಿತು. ಮರಳಿ ಕೊಡಲು ಹೋದೆ, ಅವಳು ಇಸಿದುಕೊಳ್ಳಲಿಲ್ಲ.

"ನೀ ಜಗ್ಗಲಿಲ್ಲ. ಈಗೂ ಕೈ ಹಿಡಕೊಂಡ ಮಾಡಾಕತ್ತಿ. ನಿನ್ನಾಗ ಎಷ್ಟ ಕಸುವೈತಿ ಅಷ್ಟೂ ಹಾಕಿ ಜಗ್ಗು."

ಅವಳು ಹೇಳಿದ್ದು ಖರೆ. ಹರಿದರೆ ಏನು ಗತಿ ಎಂದು ಹೆದರಿ ನಾನು ಮೆಲ್ಲಗೆ ಎಳೆದಿದ್ದೆ, ಮತ್ತು ಅದು ಅವಳಿಗೆ ಕಂಡಿತ್ತು. ಸರದ ಎರಡೂ ಬದಿಯನ್ನು ಅಂಗೈಗೆ ಒಂದೊಂದು ಸುತ್ತು ಸುತ್ತಿಕೊಂಡೆ. ಉಸಿರು ಹಿಡಿದು, ಹಲ್ಲು ಕಚ್ಚಿ, ತೋಳು ನಡುಗುವವರೆಗೆ ಎಳೆದೆ. ಮಣಿಗಳು ಅಂಗೈಯೊಳಗೆ ಇಳಿದವು. ಬಿಟ್ಟರೆ ಸಾಕು ಎನ್ನುವಷ್ಟು ನೋವಾಯಿತು, ಬಿಡಲಿಲ್ಲ, ಇನ್ನೂ ಎಳೆದೆ. ದಾರ ಕೂದಲೆಳೆಯಷ್ಟೂ ಸಡಿಲಾಗಲಿಲ್ಲ.

ನೀಲಾ ನನ್ನ ಅಂಗೈಯಿಂದ ಸರವನ್ನು ಒಂದೊಂದೇ ಸುತ್ತು ಬಿಡಿಸಿ ತೆಗೆದುಕೊಂಡಳು. ನನ್ನ ಮುಖ ನೋಡಲಿಲ್ಲ. ಸರವನ್ನು ಹರಿವಾಣದಲ್ಲಿ ದುಂಡಗೆ ಇಟ್ಟು, ಗಿರಿಜಾಳಿಂದ ಹಿಡಿದು ಐವರ ಮುಂದೂ ಹರಿವಾಣ ಹಿಡಿದಳು. ಐವರೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಒಳಗಿನ ಕೋಣೆಯ ಕಡೆ ತಿರುಗಿ, ಬೀದಿಗೆಲ್ಲ ಕೇಳಿಸುವ ಹಾಗೆ ಮಗಳನ್ನು ಕರೆದಳು.

"ಪೂರ್ಣಿಮಾ, ಬಾರವಾ. ನಿನ್ನ ಸರ ಆತು."